ಅಬ್ಖಾಜಿಯಾಕ್ಕೆ ಬೇರೆ ಬಣ್ಣ: ಟಿಬಿಲಿಸಿಯಲ್ಲಿ ಓದುವ ಮಗಳು, ಒಂದು ಮ್ಯಾಪು, ನನ್ನ ಗಾಬರಿ

ಬ್ರಹ್ಮಾವರದ_ಅಮ್ಮ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದೇ ಹೆಚ್ಚು, ಬರೆಯುವುದು ಕಡಿಮೆ. ತಪ್ಪಿದ್ದರೆ ತಿದ್ದಿ.

ಮಗಳು ಜಾರ್ಜಿಯಾದ ಟಿಬಿಲಿಸಿಯಲ್ಲಿ ಎಂಬಿಬಿಎಸ್ ಎರಡನೇ ವರ್ಷ. ಇಲ್ಲಿನ ಸೀಟಿನ ರೇಟು ನಿಮಗೆ ಗೊತ್ತೇ ಉಂಟು, ಅದನ್ನು ಬರೆಯಲು ಕೂತರೆ ಬೇರೆಯೇ ಚರ್ಚೆ ಆಗ್ತದೆ. ಹೊರಡುವಾಗ ಮಂಗಳೂರಿನ ಒಂದು ಕನ್ಸಲ್ಟೆನ್ಸಿಯವರು ಎಲ್ಲ ಮಕ್ಕಳಿಗೂ ಒಂದು ಬ್ಯಾಗು, ಒಂದು ದಪ್ಪ ನೋಟ್‌ಬುಕ್ಕು ಕೊಟ್ಟಿದ್ದರು. ಅದರ ಹಿಂದಿನ ರಟ್ಟಿನ ಒಳಬದಿಯಲ್ಲಿ ಜಾರ್ಜಿಯಾದ ಮ್ಯಾಪು. ಸಮುದ್ರದ ಬದಿಯ ಅಬ್ಖಾಜಿಯಾಕ್ಕೆ ಹಳದಿ, ನಡುವಿನ ದಕ್ಷಿಣ ಒಸೆಟಿಯಾಕ್ಕೆ ಗುಲಾಬಿ, ಉಳಿದದ್ದಕ್ಕೆ ಹಸಿರು, ಮಧ್ಯೆ ದಪ್ಪ ಗಡಿಗೆರೆ. ಆ ಎರಡೂ ಜಾಗ ತನ್ನದೇ ಅಂತ ಜಾರ್ಜಿಯಾ ಹೇಳ್ತದೆ, ಆದರೆ ಈಗ ಅವು ಅದರ ಕೈಯಲ್ಲಿ ಇಲ್ಲ.

ಮೊನ್ನೆ ಮನೆಯ ಓನರ್ ಗ್ಯಾಸ್ ಮೀಟರ್ ನೋಡಲು ಬಂದಿದ್ದರಂತೆ. ಅರುವತ್ತು ದಾಟಿದ ಹೆಂಗಸು, ಮಗಳಿಗೆ ತುಂಬಾ ಪ್ರೀತಿ. ಇವಳು ಚಾ ಇಟ್ಟು ಮಾತಾಡಿಸುತ್ತಾ ಇದ್ದಳು. ಅಡುಗೆಮನೆಯ ಮೇಜಿನ ಮೇಲೆ ನೋಟ್‌ಬುಕ್ಕು ಮಗುಚಿಬಿದ್ದಿತ್ತು. ಅವರು ಬೈಯಲಿಲ್ಲ. ಇವಳು ಅನಾಟಮಿ ಚಿತ್ರಕ್ಕೆ ಬಳಸುವ ಕೆಂಪು ಪೆನ್ನು ಎತ್ತಿಕೊಂಡು ಆ ಗಡಿಗೆರೆಯ ಮೇಲೆ ಗೀಚಿದರು, ಕಾಗದ ಹರಿಯುವವರೆಗೆ ಗೀಚಿದರು. ಆಮೇಲೆ "ಸೊಖುಮಿ" (ಅಬ್ಖಾಜಿಯಾದ ಮುಖ್ಯ ಪಟ್ಟಣವಂತೆ) ಅಂತ ಒಂದೇ ಮಾತು ಹೇಳಿ ಕುರ್ಚಿಯಲ್ಲಿ ಕೂತುಬಿಟ್ಟರಂತೆ. ಚಾ ಹಾಗೇ ತಣಿಯಿತು.

ಇದು ಒಂದು. ಇನ್ನೊಂದು ವಿಷಯ: ಮಕ್ಕಳ ವಾಟ್ಸಾಪ್ ಗ್ರೂಪಿನಲ್ಲಿ ರಜೆಗೆ ರಷ್ಯಾಕ್ಕೆ ಹೋಗಿ, ಸೋಚಿ ನೋಡಿ, ಅಲ್ಲಿಂದ ಒಂದು ದಿನದ ಟೂರಿನಲ್ಲಿ ಅಬ್ಖಾಜಿಯಾಕ್ಕೂ ಹೋಗುವ ಪ್ಲಾನ್ ನಡೀತಾ ಉಂಟು. ಕಡಿಮೆ ಖರ್ಚಂತೆ. ಹೋಗಬಹುದಾ? ರಷ್ಯಾ ಅದನ್ನು ಬೇರೆ ದೇಶ ಅಂತ ಒಪ್ಪಿತು, ಅದಕ್ಕೇ ಜಾರ್ಜಿಯಾ ರಷ್ಯಾದ ಸಂಬಂಧ ಕಡಿದುಕೊಂಡಿತು ಅಂತ ಮನೆಯವರು ಹೇಳ್ತಾರೆ. ಅವರು ಮಾನ್ಯತೆ ಕೊಟ್ಟರು, ಇವರು ಮಾತು ಬಿಟ್ಟರು. ಮಾತು ಬಿಟ್ಟರೆ ಸರಿ ಮಾಡುವುದು ಹೇಗೆ ಮತ್ತೆ?

ಎಫ್‌ಎಂಜಿಇ_ಮೂರನೇ_ಸಲ

ಅಮ್ಮಾ, ಮೊದಲು ಎರಡನೇ ಪ್ರಶ್ನೆಗೆ ಉತ್ತರ, ಯಾಕಂದ್ರೆ ಅದು ಅರ್ಜೆಂಟು. ಹೋಗ್ಲಿಕ್ಕೆ ಬಿಡಬೇಡಿ. ನಾನು ಅಲ್ಲೇ ಆರು ವರ್ಷ ಓದಿ ಬಂದವ, ಈಗ ಮಂಗಳೂರಲ್ಲಿ ವಿದೇಶದಲ್ಲಿ ಓದಿದ ಡಾಕ್ಟರುಗಳ ಎಫ್‌ಎಂಜಿಇ ಪರೀಕ್ಷೆ ಮತ್ತೆ ಮತ್ತೆ ಬರೀತಾ ಇದ್ದೇನೆ (ಹೆಸರು ನೋಡಿ ನಗಬೇಡಿ).

ರಷ್ಯಾದ ಜೊತೆಗಿನ ಯುದ್ಧ ಮುಗಿದ ಎರಡೇ ತಿಂಗಳಲ್ಲಿ, 2008ರ ಅಕ್ಟೋಬರಿನಲ್ಲಿ, ಜಾರ್ಜಿಯಾ ಒಂದು ಕಾನೂನು ಮಾಡಿತು. ಆ ಎರಡು ಜಾಗಗಳಿಗೆ ಅದರಲ್ಲಿ ಹೆಸರೇ "ಆಕ್ರಮಿತ ಪ್ರದೇಶ". ವಿದೇಶಿಯರು ಅಬ್ಖಾಜಿಯಾಕ್ಕೆ ಹೋಗುವುದಾದರೆ ಜಾರ್ಜಿಯಾದ ಕೈಯಲ್ಲಿರುವ ಜುಗ್ದಿದಿ ಕಡೆಯಿಂದ ಮಾತ್ರ, ಇನ್ನೊಂದಕ್ಕೆ ಗೋರಿ ಕಡೆಯಿಂದ ಮಾತ್ರ. ಸೋಚಿ ಕಡೆಯಿಂದ ಪ್ಸೌ ಹೊಳೆ ದಾಟಿ ಒಳಗೆ ಹೋದರೆ ಜಾರ್ಜಿಯಾದ ಲೆಕ್ಕದಲ್ಲಿ ನೀವು ಕಳ್ಳದಾರಿಯಲ್ಲಿ ಅವರ ದೇಶಕ್ಕೆ ನುಗ್ಗಿದ ಹಾಗೆ. ದಂಡ ಉಂಟು, ಜೈಲೂ ಉಂಟು. ಆ ಟೂರಿನವನಿಗೇನು, ಅವ ರಷ್ಯಾದವ, ಅವನಿಗೆ ಅದು ಪಕ್ಕದ ಊರು. ವಾಪಸು ಟಿಬಿಲಿಸಿ ಏರ್‌ಪೋರ್ಟಲ್ಲಿ ಪಾಸ್‌ಪೋರ್ಟ್ ತೋರಿಸಬೇಕಾದವಳು ನಿಮ್ಮ ಮಗಳು. ಇನ್ನೂ ನಾಲ್ಕು ವರ್ಷದ ಓದು ಬಾಕಿ ಉಂಟು.

ಓನರ್ ಅಜ್ಜಿಯ ವಿಷಯ ರಾತ್ರಿ ಬರೀತೇನೆ, ಈಗ ಕ್ಲಾಸ್ ಉಂಟು.

ಮಣಿಪಾಲದ_ಹಾಸ್ಟೆಲ್

ನಾನು ಅಂತಾರಾಷ್ಟ್ರೀಯ ಸಂಬಂಧಗಳ ವಿದ್ಯಾರ್ಥಿ, ಹಾಗಾಗಿ ಸ್ವಲ್ಪ ಉದ್ದವಾದರೆ ಕ್ಷಮೆ ಇರಲಿ ಮೇಡಂ.

2008ರ ಆಗಸ್ಟಿನಲ್ಲಿ ರಷ್ಯಾಕ್ಕೂ ಜಾರ್ಜಿಯಾಕ್ಕೂ ಐದು ದಿನದ ಯುದ್ಧ ಆಯಿತು. 12ಕ್ಕೆ ಫ್ರಾನ್ಸಿನ ಸಾರ್ಕೋಜಿ ಮಧ್ಯಸ್ಥಿಕೆಯಲ್ಲಿ ಕದನವಿರಾಮ. 26ಕ್ಕೆ ರಷ್ಯಾದ ಅಧ್ಯಕ್ಷ ಮೆಡ್ವೆಡೆವ್ ಎರಡೂ ಪ್ರಾಂತ್ಯಗಳನ್ನು ಸ್ವತಂತ್ರ ದೇಶ ಅಂತ ಮಾನ್ಯ ಮಾಡಿದರು. ಜಾರ್ಜಿಯಾ ಮೂರೇ ದಿನದಲ್ಲಿ ರಾಜತಾಂತ್ರಿಕ ಸಂಬಂಧ ಕಡಿಯುವುದಾಗಿ ಹೇಳಿ, ಸೆಪ್ಟೆಂಬರ್ ಸುರುವಿಗೆ ಕಾಗದಪತ್ರದಲ್ಲೂ ಕಡಿಯಿತು. ಹಳೆಯ ಸೋವಿಯತ್ ದೇಶಗಳ ಕೂಟವಾದ ಸಿಐಎಸ್‌ನಿಂದಲೂ ಹೊರಬಿತ್ತು.

ಒಂದು ದೇಶದ ತುಂಡನ್ನು ಇನ್ನೊಬ್ಬರು ದೇಶ ಅಂದರೆ ಆ ಸರ್ಕಾರದ ಕೈಯಲ್ಲಿ ಇರುವ ಮೆಟ್ಟಿಲುಗಳು ಕೆಲವೇ. ರಾಯಭಾರಿಯನ್ನು ಕರೆಸಿ ಪ್ರತಿಭಟನಾ ಪತ್ರ ಕೊಡುವುದು. ತನ್ನ ರಾಯಭಾರಿಯನ್ನು ವಾಪಸು ಕರೆಸಿಕೊಳ್ಳುವುದು. ಅವರ ರಾಯಭಾರಿಯನ್ನು ಹೊರಗೆ ಹಾಕುವುದು. ಪೂರ್ತಿ ಕಡಿಯುವುದು. ತನ್ನಿಂದ ಬೇರೆಯಾದ ಕೋಸೊವೊ ವಿಷಯದಲ್ಲಿ ಸರ್ಬಿಯಾ ನಡುವಿನ ಮೆಟ್ಟಿಲಲ್ಲೇ ನಿಂತಿತು. 2008ರ ಫೆಬ್ರವರಿ 17ಕ್ಕೆ ಕೋಸೊವೊ ಸ್ವಾತಂತ್ರ್ಯ ಘೋಷಿಸಿತು, ಮಾನ್ಯತೆ ಕೊಟ್ಟ ಒಂದೊಂದೇ ದೇಶದಿಂದ ಸರ್ಬಿಯಾ ರಾಯಭಾರಿಗಳನ್ನು ಕರೆಸಿಕೊಂಡಿತು. ಕೆಲವು ತಿಂಗಳಲ್ಲೇ ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಅವರನ್ನು ಮತ್ತೆ ಕಳಿಸಿತು. ಅಕ್ಟೋಬರಿನಲ್ಲಿ ನೆರೆಯ ಮಾಂಟೆನೆಗ್ರೊ, ಮ್ಯಾಸಿಡೋನಿಯಾ ಮಾನ್ಯತೆ ಕೊಟ್ಟಾಗ ಮಾತ್ರ ಆ ರಾಯಭಾರಿಗಳನ್ನು ಹೊರಗಟ್ಟಿತು. ದೂರದವರು ಮಾಡಿದ್ದಕ್ಕಿಂತ ನೆರೆಮನೆಯವರು ಮಾಡಿದ್ದು ಹೆಚ್ಚು ಉರಿಯುತ್ತದೆ, ಅಲ್ವಾ.

ಅಜ್ಜಿಯ ಸಿಟ್ಟು ನಮಗೆ ಹೊಸದೇನಲ್ಲ. ಅರುಣಾಚಲದವರಿಗೆ ಚೀನಾ ವೀಸಾವನ್ನು ಪಾಸ್‌ಪೋರ್ಟಿಗೆ ಅಂಟಿಸದೆ ಬೇರೆ ಚೀಟಿಯಲ್ಲಿ ಪಿನ್ ಮಾಡಿ ಕೊಡುತ್ತದೆ. 2023ರ ಜುಲೈಯಲ್ಲಿ ಮೂವರು ವುಶು ಆಟಗಾರರಿಗೆ ಹಾಗೆ ಮಾಡಿದ್ದಕ್ಕೆ ನಾವು ಇಡೀ ವುಶು ತಂಡವನ್ನೇ ಚೆಂಗ್ದು ಕ್ರೀಡಾಕೂಟಕ್ಕೆ ಕಳಿಸಲಿಲ್ಲ. ಒಂದು ಪಿನ್ನಿಗಾಗಿ! ಸರ್ವೇ ಆಫ್ ಇಂಡಿಯಾದ ಮ್ಯಾಪಿಗೆ ಹೊಂದದ ಮ್ಯಾಪು ಅಚ್ಚು ಹಾಕಿದರೆ ನಮ್ಮಲ್ಲೂ 6 ತಿಂಗಳವರೆಗೆ ಜೈಲು ಆಗಬಹುದು, 1961ರ ಕಾಯ್ದೆ.

ದಕ್ಕೆಯ_ಗಾಳಿ

ಎಲ್ಲ ನಾಟಕ ಮಾರಾಯ್ರೆ. ಸಂಬಂಧ ಕಡಿದದ್ದಂತೆ! 2006ರಲ್ಲಿ ರಷ್ಯಾ ಜಾರ್ಜಿಯಾದ ವೈನ್ ನಿಲ್ಲಿಸಿತ್ತು, 2013ರಲ್ಲಿ ಬಿಟ್ಟಿತು, ಈಗ ಅವರ ವೈನಿಗೆ ದೊಡ್ಡ ಗಿರಾಕಿ ಅದೇ ರಷ್ಯಾ. 2023ರಿಂದ ನೇರ ವಿಮಾನವೂ ಉಂಟು. ರಾಯಭಾರಿ ಇಲ್ಲ, ವಿಮಾನ ಉಂಟು. ನಮ್ಮ ದಕ್ಕೆಯಲ್ಲಿ ಇಬ್ಬರು ಬೋಟ್ ಮಾಲಕರು ಹನ್ನೊಂದು ವರ್ಷದಿಂದ ಮಾತಾಡುವುದಿಲ್ಲ, ಆದರೆ ಒಬ್ಬನ ಐಸ್ ಇನ್ನೊಬ್ಬನ ಬೋಟಿಗೆ ಹೋಗ್ತದೆ. ನಡುವೆ ಒಬ್ಬ ರೈಟರ್ ಇದ್ದಾನೆ, ಲೆಕ್ಕ ಬರೀಲಿಕ್ಕೆ. ಅಷ್ಟೇ ವಿಷಯ.

ಮಣಿಪಾಲದ_ಹಾಸ್ಟೆಲ್

ನೀವು ತಮಾಷೆಗೆ ಹೇಳಿದ್ದು ಸರಿಯಾಗೇ ಉಂಟು ಅಣ್ಣ. ಆ ರೈಟರಿಗೆ ಅಂತಾರಾಷ್ಟ್ರೀಯ ಕಾನೂನಿನಲ್ಲಿ ಜಾಗ ಮಾಡಿ ಇಟ್ಟಿದ್ದಾರೆ. 1961ರ ವಿಯೆನ್ನಾ ಒಪ್ಪಂದದ 45ನೇ ವಿಧಿ: ಸಂಬಂಧ ಮುರಿದರೂ, ಯುದ್ಧವೇ ಆದರೂ, ಎದುರಿನವರ ರಾಯಭಾರ ಕಚೇರಿಯ ಕಟ್ಟಡ, ಕಡತ ಕಾಪಾಡಬೇಕು. ತನ್ನವರ ಹಿತ ನೋಡಿಕೊಳ್ಳಲು ಮೂರನೆಯ ದೇಶಕ್ಕೆ ವಹಿಸಬಹುದು. ಮಾಸ್ಕೋದಲ್ಲಿ ಜಾರ್ಜಿಯಾದ ಕೆಲಸವನ್ನೂ ಟಿಬಿಲಿಸಿಯಲ್ಲಿ ರಷ್ಯಾದ ಕೆಲಸವನ್ನೂ ನೋಡುವುದು ಸ್ವಿಟ್ಜರ್ಲೆಂಡ್. ಸ್ವಿಸ್ ಬಾವುಟದ ಕೆಳಗೆ "ಹಿತಾಸಕ್ತಿ ವಿಭಾಗ" ಅಂತ ಒಂದು ಕಚೇರಿ. ಹೊಡೆದಾಡಿದ ಅದೇ ಎರಡು ದೇಶಗಳ ಅಧಿಕಾರಿಗಳು ಅಲ್ಲಿ ಕೂತು ಕಾಗದ ನೋಡುತ್ತಾರೆ.

ಅರ್ಥದ_ಮರುಳ

ಸ್ವಿಸ್‌ನವರಾ! ಬಾಸೆಲ್ ಮಿಷನ್ನಿನ ಪಾದ್ರಿಗಳು ನಮ್ಮ ಮಂಗಳೂರಿಗೆ 1834ರಲ್ಲೇ ಬಂದವರಲ್ವಾ. ಹಂಚು ಮಾಡಿದರು, ನೇಯ್ಗೆ ಮಾಡಿದರು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದರು. ಮಿಷನ್ನಿನ ಮನೆ ಸ್ವಿಟ್ಜರ್ಲೆಂಡಿನಲ್ಲಿ ಇದ್ದರೂ ಬಂದ ಪಾದ್ರಿಗಳಲ್ಲಿ ಜರ್ಮನರೇ ಹೆಚ್ಚು, ಹಾಗಾಗಿ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಅವರನ್ನು ಹಿಡಿದು ಹಾಕಿ ಹಂಚಿನ ಕಾರ್ಖಾನೆಗಳನ್ನು ಕೈಗೆ ತೆಗೆದುಕೊಂಡರು. ನಡುವಿನವ ಅಂತ ಹೇಳಿಸಿಕೊಳ್ಳಲಿಕ್ಕೂ ಅದೃಷ್ಟ ಬೇಕು.

ಈಗ ಮಾನ್ಯತೆಯ ವಿಷಯ. ಅಕ್ಕ, ಕಾನೂನಿಗಿಂತ ನಮ್ಮ ಭೂತಕೋಲದಲ್ಲಿ ಇದು ಸಲೀಸಾಗಿ ಅರ್ಥ ಆಗ್ತದೆ. ದೈವ ಗುತ್ತು ಬರ್ಕೆಗಳನ್ನು, ಅಂದರೆ ಊರಿನ ಹಳೇ ಯಜಮಾನಿಕೆಯ ಮನೆಗಳನ್ನು, ಕ್ರಮದಲ್ಲಿ ಹೆಸರಿಟ್ಟು ಕರೆದು ಬೂಳ್ಯ (ವೀಳ್ಯದ ಗೌರವ) ಕೊಡ್ತದೆ. ಒಂದು ಗುತ್ತಿನಿಂದ ಪಾಲಾಗಿ ಹೋದವರು ಆಚೆ ಗದ್ದೆಯಲ್ಲಿ ಮನೆ ಕಟ್ಟಿ ಮೂವತ್ತು ವರ್ಷ ಉಣ್ಣಲಿ, ಉಡಲಿ, ಯಾರೂ ಕೇಳುವುದಿಲ್ಲ. ಆದರೆ ಒಂದು ವರ್ಷ ಆ ಮನೆಯ ಹೆಸರು ಬೇರೆಯಾಗಿ ಕರೆದು ಬೂಳ್ಯ ಕೊಟ್ಟರೋ, ಅಲ್ಲಿಗೆ ಮುಗಿಯಿತು. ಹಳೇ ಗುತ್ತಿನ ಯಜಮಾನ ಮುಂಡಾಸು ಸರಿಮಾಡಿಕೊಂಡು ಎದ್ದು ಹೋಗ್ತಾನೆ. ಹೋಗದೆ ಕೂತರೆ ಒಪ್ಪಿದ ಹಾಗೆ ಆಗ್ತದೆ. ನಾನು ಇದನ್ನು ಕಣ್ಣಾರೆ ನೋಡಿದ್ದೇನೆ, ಊರು ಹೇಳುವುದಿಲ್ಲ. ಎದ್ದು ಹೋದವರ ಮನೆಯ ಹೆಂಗಸರು ಮಾತ್ರ ಊಟದ ಪಂಕ್ತಿಯಲ್ಲಿ ಕೂತಿದ್ದರು.

ಹ್ವಾಯ್_ಕುಂದಾಪ್ರ

ಹ್ವಾಯ್, ತುಳುನಾಡ್ ಬ್ಯಾರೆ ರಾಜ್ಯ ಆರೆ ನಮ್ ಕುಂದಾಪ್ರಕ್ಕೆ ಮಾನ್ಯತೆ ಕೊಡುದ್ ಯಾರ್ ಮರ್ರೆ?

ನಿರ್ವಾಹಕ

ಆ ಚರ್ಚೆಗೆ ಬೇರೆ ಎಳೆ ಉಂಟು, ಅಲ್ಲಿಗೆ ಹೋಗಿ. ಇಲ್ಲಿ ಬೇಡ.

ನಿವೃತ್ತ_ಕ್ಯಾಶಿಯರ್

ನಿಮ್ಮ ಮಾತುಗಳನ್ನೆಲ್ಲ ಓದಿದೆ. ಒಂದು ವಿಷಯ ಯಾರೂ ಎತ್ತಲಿಲ್ಲ. ನಾವೂ ಒಮ್ಮೆ ರಷ್ಯಾದ ಕುರ್ಚಿಯಲ್ಲಿ ಕೂತವರೇ.

1971ರ ಡಿಸೆಂಬರ್ 6, ಸೋಮವಾರ. ಬ್ಯಾಂಕಿನ ಕೆಲಸಕ್ಕೆ ಸೇರಿ ನನಗೆ ಇನ್ನೂ ವರ್ಷ ಆಗಿರಲಿಲ್ಲ. ಉಡುಪಿಯ ರಥಬೀದಿಯ ಹತ್ತಿರ ಊಟಕ್ಕೆ ಹೋಗುತ್ತಿದ್ದ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ಒಂದು ಮರ್ಫಿ ರೇಡಿಯೋ. ಬಾಂಗ್ಲಾದೇಶಕ್ಕೆ ಭಾರತ ಮಾನ್ಯತೆ ಕೊಟ್ಟಿತು, ಇಂದಿರಾ ಗಾಂಧಿ ಸಂಸತ್ತಿನಲ್ಲಿ ಹೇಳಿದರು ಅಂತ ವಾರ್ತೆ ಬಂತು. ಬಡಿಸುತ್ತಿದ್ದ ಮಾಣಿ ಸಾರಿನ ಬಕೆಟ್ ಕೆಳಗಿಟ್ಟು ಚಪ್ಪಾಳೆ ತಟ್ಟಿದ. ಪಾಕಿಸ್ತಾನ ಅದೇ ದಿನ ನಮ್ಮ ಸಂಬಂಧ ಕಡಿಯಿತು. ಮುಂದಿನ ಜನವರಿಯಲ್ಲಿ ಬ್ರಿಟನ್ ಮೊದಲಾದವರು ಬಾಂಗ್ಲಾವನ್ನು ಒಪ್ಪಲು ಹೊರಟಾಗ ಕಾಮನ್‌ವೆಲ್ತಿನಿಂದಲೇ ಎದ್ದು ಹೋಯಿತು. ಅಲ್ಲಿಗೆ ಮರಳಿದ್ದು 1989ರಲ್ಲಿ.

ಆಗ ನಮ್ಮ ನಡುವಿನ ಕಾಗದ ನೋಡಿದ್ದೂ ಸ್ವಿಸ್‌ನವರೇ, 1971ರಿಂದ 76ರವರೆಗೆ. ಗಮನಿಸಿ, ಶಿಮ್ಲಾ ಒಪ್ಪಂದಕ್ಕೆ ಸಹಿ ಬಿದ್ದದ್ದು 1972ರಲ್ಲಿ. ಅಂದರೆ ರಾಯಭಾರಿಗಳು ಇಲ್ಲದಿದ್ದಾಗಲೇ ಇಂದಿರಾ ಮತ್ತು ಭುಟ್ಟೊ ಎದುರು ಬದುರು ಕೂತರು. ಅದೇ ಪಾಕಿಸ್ತಾನ 1974ರ ಫೆಬ್ರವರಿಯಲ್ಲಿ ಲಾಹೋರಿನಲ್ಲಿ ತಾನೇ ಬಾಂಗ್ಲಾಕ್ಕೆ ಮಾನ್ಯತೆ ಕೊಟ್ಟಿತು.

ದಕ್ಕೆಯ_ಗಾಳಿ

ಅದನ್ನೇ ಹೇಳುವುದು ಸರ್. ನಾವು ಮಾಡಿದರೆ ವಿಮೋಚನೆ, ರಷ್ಯಾ ಮಾಡಿದರೆ ಆಕ್ರಮಣ. ಎರಡೂ ಕಡೆ ನೆರೆಯ ದೊಡ್ಡ ಸೈನ್ಯ ಒಳಗೆ ಹೋದದ್ದು ತಾನೇ?

ನಿವೃತ್ತ_ಕ್ಯಾಶಿಯರ್

ಪ್ರಶ್ನೆ ನ್ಯಾಯವಾದದ್ದೇ, ಸಿಟ್ಟಿಲ್ಲ. ಆದರೆ ಲೆಕ್ಕದ ಪುಸ್ತಕ ಎರಡೂ ಬದಿ ನೋಡಬೇಕು. 1970ರ ಚುನಾವಣೆಯಲ್ಲಿ ಪೂರ್ವ ಪಾಕಿಸ್ತಾನದ 162 ಸಾಮಾನ್ಯ ಸ್ಥಾನಗಳಲ್ಲಿ 160 ಅವಾಮಿ ಲೀಗಿಗೆ. ಇಡೀ ಪಾಕಿಸ್ತಾನಕ್ಕೇ ಬಹುಮತ. ಅಧಿಕಾರ ಕೊಡಲಿಲ್ಲ, ಗುಂಡು ಹೊಡೆದರು, ಸುಮಾರು ಒಂದು ಕೋಟಿ ಜನ ನಮ್ಮ ಕಡೆ ಓಡಿ ಬಂದರು. ಅಬ್ಖಾಜಿಯಾದಲ್ಲಿ 1989ರ ಗಣತಿಯಲ್ಲಿ ಜಾರ್ಜಿಯನ್ನರು ನೂರಕ್ಕೆ 45ರ ಮೇಲೆ, ಅಬ್ಖಾಜರು 18ರಷ್ಟು. 1992-93ರ ಯುದ್ಧದಲ್ಲಿ ಆ 45ರಲ್ಲಿ ಹೆಚ್ಚಿನವರು ಮನೆ ಬಿಟ್ಟು ಓಡಬೇಕಾಯಿತು. ಒಂದು ಕಡೆ ಹೆಚ್ಚಿನವರು ಬೇರೆಯಾದದ್ದು, ಇನ್ನೊಂದು ಕಡೆ ಹೆಚ್ಚಿನವರನ್ನೇ ಓಡಿಸಿ ಬೇರೆಯಾದದ್ದು. ಅಬ್ಖಾಜರಿಗೂ ಟಿಬಿಲಿಸಿಯ ಮೇಲೆ ಹಳೇ ದೂರುಗಳಿವೆ, 1992ರಲ್ಲಿ ಜಾರ್ಜಿಯಾದ ಪಡೆ ಸುಖುಮಿಗೆ ನುಗ್ಗಿ ಮಾಡಿದ್ದನ್ನು ಅವರು ಮರೆಯುವುದಿಲ್ಲ, ಅದೂ ಸತ್ಯ. ಆದರೂ ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ನನ್ನಿಂದ ಆಗುವುದಿಲ್ಲ.

ಬಾಂಗ್ಲಾಕ್ಕೂ ವಿಶ್ವಸಂಸ್ಥೆ ಸುಲಭಕ್ಕೆ ಬಾಗಿಲು ತೆರೆಯಲಿಲ್ಲ. 1972ರಲ್ಲಿ ಚೀನಾ ವೀಟೊ ಹಾಕಿತು. 1974ರ ಸೆಪ್ಟೆಂಬರಿನಲ್ಲಿ ಸದಸ್ಯತ್ವ ಸಿಕ್ಕಿದ್ದು, ಪಾಕಿಸ್ತಾನ ಒಪ್ಪಿದ ಮೇಲೆ. ಮನೆಯ ಹಿರಿಯ ಹೂಂ ಅಂದ ಮೇಲೆ ನೆಂಟರ ತಕರಾರು ನಡೆಯುವುದಿಲ್ಲ.

ಪಣಂಬೂರು_ನೈಟ್_ಶಿಫ್ಟ್

ನಮ್ಮ ದೇಶ ಒಮ್ಮೆ ಕೊಟ್ಟ ಮಾನ್ಯತೆಯನ್ನು ವಾಪಸು ತೆಗೆದುಕೊಂಡದ್ದೂ ಉಂಟು, ಹೆಚ್ಚಿನವರಿಗೆ ಗೊತ್ತಿಲ್ಲ. ಆಫ್ರಿಕಾದ ಪಶ್ಚಿಮ ಸಹಾರಾ ಬೇರೆ ದೇಶ ಅನ್ನುವ ಪೊಲಿಸಾರಿಯೊ ಸಂಘಟನೆಯ ಸರ್ಕಾರಕ್ಕೆ ನಾವು 1985ರಲ್ಲಿ ಮಾನ್ಯತೆ ಕೊಟ್ಟೆವು, 2000ದಲ್ಲಿ ಹಿಂತೆಗೆದೆವು. ಆ ಪ್ರದೇಶ ತನ್ನದು ಅಂತ ಹೇಳುವ ಮೊರಾಕ್ಕೊದಲ್ಲಿ ಫಾಸ್ಫೇಟಿನ ರಾಶಿ ಉಂಟು, ನಮಗೆ ಗೊಬ್ಬರಕ್ಕೆ ಅದು ಬೇಕು. ಅದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಇಲ್ಲಿ ಪಣಂಬೂರಿನಲ್ಲಿ ಡಿಎಪಿ ಗೊಬ್ಬರ ಮಾಡಲು ಫಾಸ್ಫಾರಿಕ್ ಆಸಿಡ್ ಹಡಗಿನಲ್ಲೇ ಬರಬೇಕು. ರಾತ್ರಿ ಪಾಳಿಯಲ್ಲಿ ಆ ಟ್ಯಾಂಕರ್ ಹಡಗಿನ ಲೈಟು ನೋಡುವಾಗ, ಡೆಲ್ಲಿಯ ಒಂದು ಸಹಿಗೂ ಬೆಳ್ತಂಗಡಿಯ ಒಂದು ಅಡಿಕೆ ಬುಡಕ್ಕೂ ಎಷ್ಟು ಹತ್ತಿರ ಅನ್ನಿಸ್ತದೆ.

ಎದ್ದು ಹೋಗುವುದರ ಬೆಲೆಗೂ ಮೊರಾಕ್ಕೊವೇ ಉದಾಹರಣೆ. 1984ರಲ್ಲಿ ಆಫ್ರಿಕಾ ದೇಶಗಳ ಒಕ್ಕೂಟದಲ್ಲಿ ಪೊಲಿಸಾರಿಯೊಗೆ ಕುರ್ಚಿ ಕೊಟ್ಟರು ಅಂತ ಹೊರಗೆ ನಡೆಯಿತು. ವಾಪಸು ಬಂದದ್ದು 2017ರಲ್ಲಿ. 33 ವರ್ಷ ಅದರ ಕುರ್ಚಿ ಖಾಲಿ, ಎದುರಾಳಿಯ ಕುರ್ಚಿ ಭರ್ತಿ. ಬಂದಾಗಲೂ ಎದುರಾಳಿ ಅಲ್ಲೇ ಕೂತಿದ್ದ.

ಅರ್ಥದ_ಮರುಳ

ಇದು ಪಾಯಿಂಟು! ತಾಳಮದ್ದಳೆಯಲ್ಲಿ ಸಂಧಾನದ ಪ್ರಸಂಗ ಆಗುವಾಗ ಕೌರವನ ಅರ್ಥಧಾರಿ ಎಷ್ಟು ಸಿಟ್ಟು ಮಾಡಿದರೂ ಮೈಕ್ ಬಿಟ್ಟು ಏಳುವುದಿಲ್ಲ. ಎದ್ದರೆ ಕೃಷ್ಣನ ಅರ್ಥಧಾರಿಗೆ ಬೆಳಗ್ಗಿನವರೆಗೆ ಒಬ್ಬನದೇ ಮಾತು.

ಎಫ್‌ಎಂಜಿಇ_ಮೂರನೇ_ಸಲ

ಬಂದೆ. ಅಮ್ಮಾ, ಓನರ್ ಅಜ್ಜಿಯ ವಿಷಯ.

ಅವರು "ಸೊಖುಮಿ" ಅಂದರಲ್ಲ, ಅದು ಜಾರ್ಜಿಯನ್ನರು ಹೇಳುವ ರೀತಿ. ರಷ್ಯನ್ನರು ಸುಖುಮಿ ಅಂತಾರೆ, ಅಬ್ಖಾಜರು ಅಕ್ವಾ. ದಕ್ಷಿಣ ಒಸೆಟಿಯಾ ಅನ್ನುವ ಹೆಸರನ್ನೂ ಟಿಬಿಲಿಸಿಯ ಸರ್ಕಾರ ಬಳಸುವುದಿಲ್ಲ, "ತ್ಸ್ಖಿನ್ವಾಲಿ ಪ್ರದೇಶ" ಅಂತಲೇ ಬರೆಯುವುದು. ನಾನು ಮೊದಲನೇ ವರ್ಷ ಒಬ್ಬ ಟ್ಯಾಕ್ಸಿಯವನ ಎದುರು ಗೊತ್ತಿಲ್ಲದೆ ಸೌತ್ ಒಸೆಟಿಯಾ ಅಂದಿದ್ದೆ. ಅವ ಗಾಡಿ ಬದಿಗೆ ನಿಲ್ಲಿಸಿ, ನನ್ನಿಂದ ಮೂರು ಸಲ ಸರಿ ಹೆಸರು ಹೇಳಿಸಿ, ಆಮೇಲೆ ಗೇರ್ ಹಾಕಿದ.

1993ರ ಸೆಪ್ಟೆಂಬರ್ 27ಕ್ಕೆ ಸೊಖುಮಿ ಬಿತ್ತು. ಓಡಿದವರಲ್ಲಿ ತುಂಬ ಜನ ಸ್ವಾನೇತಿಯ ಬೆಟ್ಟ ದಾಟಿ ನಡೆದೇ ಬಂದವರು, ಹಿಮದಲ್ಲಿ ಎಷ್ಟೋ ಜನ ದಾರಿಯಲ್ಲೇ ಹೋದರು. ಬಂದವರನ್ನು ಟಿಬಿಲಿಸಿಯಲ್ಲಿ ಹೋಟೆಲು, ಶಾಲೆ ಅಂತ ಸಿಕ್ಕಿದಲ್ಲಿ ಇಟ್ಟರು. ರುಸ್ತಾವೇಲಿ ರಸ್ತೆಯ ತುದಿಯಲ್ಲಿ ಈಗ ರಾಡಿಸನ್ ಹೋಟೆಲ್ ಉಂಟಲ್ಲ, ಮಗಳಿಗೆ ಗೊತ್ತಿರ್ತದೆ, ಆಗ ಅದು ಹೋಟೆಲ್ ಇವೇರಿಯಾ. 2004ರವರೆಗೆ ಅದರ ಒಂದೊಂದು ರೂಮಿನಲ್ಲಿ ಒಂದೊಂದು ಸಂಸಾರ, ಬಾಲ್ಕನಿಗೆ ಹಲಗೆ ಹೊಡೆದು ಅಡುಗೆಮನೆ. ನಿಮ್ಮ ಅಜ್ಜಿ ಎಲ್ಲಿದ್ದರೋ ಗೊತ್ತಿಲ್ಲ. ಕೇಳಲೂ ಬೇಡ, ಅವರಾಗೇ ಹೇಳಿದರೆ ಕೇಳಲಿ.

ಗೋರಿಗೆ ಹೋಗುವ ಹೆದ್ದಾರಿ ಆ ತ್ಸ್ಖಿನ್ವಾಲಿ ಪ್ರದೇಶದ ಗೆರೆಯ ಹತ್ತಿರದಿಂದಲೇ ಹೋಗ್ತದೆ. ಖುರ್ವಲೇತಿ ಅಂತ ಒಂದು ಹಳ್ಳಿಯಲ್ಲಿ ಮುಳ್ಳುತಂತಿ ಮನೆಯ ಅಂಗಳದ ಬದಿಗೇ ಬಂದಿದೆ, ಹಸಿರು ಬೋರ್ಡು ನೆಟ್ಟಿದ್ದಾರೆ. ನಾವು ನಾಲ್ಕು ಹುಡುಗರು ದೂರದಿಂದ ನೋಡಿದೆವು. ಪೊಲೀಸರು ಇನ್ನು ಮುಂದೆ ಬೇಡ ಅಂದರು. ತಂತಿಯ ಆಚೆ ಸೇಬಿನ ಗಿಡ, ಈಚೆ ಸೇಬಿನ ಗಿಡ. ಹಣ್ಣು ಎರಡೂ ಕಡೆ ಬಿದ್ದು ಕೊಳೀತಾ ಇತ್ತು.

ದಕ್ಕೆಯ_ಗಾಳಿ

ಸರಿ, ಇಷ್ಟು ಓದಿದ ಮೇಲೆ ನಾಟಕ ಅಂದದ್ದನ್ನು ಅರ್ಧ ವಾಪಸು ತಗೊಳ್ತೇನೆ. ಆದರೂ ಕೇಳ್ತೇನೆ: ಕಡಿದದ್ದರಿಂದ ಸಿಕ್ಕಿದ್ದೇನು? ರಷ್ಯಾದ ಸೈನ್ಯ ಹೋಯಿತಾ?

ಮಣಿಪಾಲದ_ಹಾಸ್ಟೆಲ್

ಹೋಗಲಿಲ್ಲ. ಕಡಿಯುವುದು ಒಂದು ದಿನದ ಕೆಲಸ ಅಣ್ಣ, ಪೇಪರಿನಲ್ಲಿ ಬರುವುದೂ ಅದೇ. ನನಗೆ ಜಾಣತನ ಕಾಣುವುದು ಅದರ ನಂತರ ಅವರು ಮಾಡಿದ ಬೇಜಾರು ಹಿಡಿಸುವ ಕೆಲಸದಲ್ಲಿ. ನಿಕರಾಗುವಾ 2008ರ ಸೆಪ್ಟೆಂಬರಿನಲ್ಲಿ ರಷ್ಯಾದ ಹಿಂದೆ ಹೋಯಿತು, ಜಾರ್ಜಿಯಾ ನವೆಂಬರಿನಲ್ಲಿ ಅದರ ಸಂಬಂಧ ಕಡಿಯಿತು. 2009ರಲ್ಲಿ ವೆನೆಜುವೆಲಾ, ನೌರು ಮಾನ್ಯತೆ ಕೊಟ್ಟವು. 2011ರಲ್ಲಿ ಪೆಸಿಫಿಕ್ ದ್ವೀಪಗಳಾದ ವನುವಾಟು, ಟುವಾಲು. ಟುವಾಲುವಿನ ಜನಸಂಖ್ಯೆ ಹತ್ತು ಸಾವಿರದ ಆಸುಪಾಸು, ನಮ್ಮ ಒಂದು ದೊಡ್ಡ ಗ್ರಾಮ ಪಂಚಾಯತಿನಷ್ಟು. ಅಂಥಲ್ಲಿಗೆ ಜಾರ್ಜಿಯಾದವರು ಹೋಗಿ, ಮಾತಾಡಿ, 2013ರಲ್ಲಿ ವನುವಾಟುವನ್ನೂ 2014ರಲ್ಲಿ ಟುವಾಲುವನ್ನೂ ಮಾನ್ಯತೆ ಬಿಡುವಂತೆ ತಿರುಗಿಸಿದರು. 2018ರಲ್ಲಿ ಅಸ್ಸಾದರ ಸಿರಿಯಾ ಮಾನ್ಯತೆ ಕೊಟ್ಟಾಗ ಅದರ ಸಂಬಂಧ ಕಡಿದರು. ಉಳಿದಂತೆ ಮಾನ್ಯತೆ ಕೊಟ್ಟ ದೇಶಗಳನ್ನು ಒಂದು ಕೈಯ ಬೆರಳಿನಲ್ಲಿ ಎಣಿಸಬಹುದು. ನಾವೂ ಕೊಟ್ಟಿಲ್ಲ, ಕೋಸೊವೊಗೂ ಕೊಟ್ಟಿಲ್ಲ.

ರಷ್ಯಾದ ಜೊತೆ ಮಾತೂ ಪೂರ್ತಿ ನಿಲ್ಲಲಿಲ್ಲ. ಜಿನೀವಾದಲ್ಲಿ 2008ರ ಅಕ್ಟೋಬರಿನಿಂದ ಮಾತುಕತೆ ಸುರುವಾಯಿತು, 2012ರ ಕೊನೆಯಿಂದ ಪ್ರಾಗ್‌ನಲ್ಲಿ ಇಬ್ಬರು ಪ್ರತಿನಿಧಿಗಳು ವ್ಯಾಪಾರ, ವಿಮಾನದಂಥ ವಿಷಯ ಮಾತಾಡಿದರು. ನಿಮ್ಮ ವೈನ್ ಮತ್ತೆ ಹೊರಟದ್ದು ಆ ಕಾಲದಲ್ಲೇ.

ಉಕ್ರೇನ್ ಕೂಡ ಇದೇ ದಾರಿ ಹಿಡಿಯಿತು. ತನ್ನ ಪೂರ್ವದ ಪ್ರಾಂತ್ಯಗಳಾದ ದೊನೆತ್ಸ್ಕ್, ಲುಹಾನ್ಸ್ಕ್‌ಗಳಿಗೆ 2022ರಲ್ಲಿ ಮಾನ್ಯತೆ ಕೊಟ್ಟ ಸಿರಿಯಾ, ಉತ್ತರ ಕೊರಿಯಾಗಳ ಸಂಬಂಧವನ್ನು ಕೂಡಲೇ ಕಡಿಯಿತು.

ನಿವೃತ್ತ_ಕ್ಯಾಶಿಯರ್

ಬಾಕಿ ವಸೂಲಿಯ ಹಾಗೆ. ನೋಟಿಸು ಕೊಡುವುದು ಸುಲಭ, ಪ್ರತಿ ತಿಂಗಳು ಸೈಕಲ್ ಹತ್ತಿ ಹೋಗುವುದು ಕಷ್ಟ.

ಬ್ರಹ್ಮಾವರದ_ಅಮ್ಮ

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಇಷ್ಟು ಜನ ಬರೀತೀರಿ ಅಂತ ಅಂದುಕೊಂಡಿರಲಿಲ್ಲ.

ಸೋಚಿ ಪ್ಲಾನ್ ಕ್ಯಾನ್ಸಲ್. ಮಗಳು ಆ ಕಾನೂನಿನ ವಿಷಯ ಗ್ರೂಪಿನಲ್ಲಿ ಹಾಕಿದಳು, ಉಳಿದ ಮೂವರೂ ಹಿಂದೆ ಸರಿದರಂತೆ. ಅಜ್ಜಿ ಮರುದಿನ ತಾನಾಗೇ ಬಂದು, ಒಂದು ಹಳೇ ಕ್ಯಾಲೆಂಡರಿನಿಂದ ಜಾರ್ಜಿಯಾದ ಮ್ಯಾಪು ಕತ್ತರಿಸಿ, ಹರಿದ ಜಾಗದ ಮೇಲೆ ಗೋಂದು ಹಚ್ಚಿ ಅಂಟಿಸಿ ಕೊಟ್ಟಿದ್ದಾರೆ. ಪೂರ್ತಿ ಒಂದೇ ಬಣ್ಣ. ಜೊತೆಗೆ ದ್ರಾಕ್ಷಿ ರಸದಲ್ಲಿ ಅದ್ದಿದ ಅಕ್ರೋಟಿನ ಸರ, ಅವರ ಕಡೆಯ ಸಿಹಿ.

ನಾನು ಕನ್ಸಲ್ಟೆನ್ಸಿಗೆ ಫೋನ್ ಮಾಡಿದೆ. ಹುಡುಗಿಯೊಬ್ಬಳು, "ಗೂಗಲ್‌ನಿಂದ ತೆಗೆದದ್ದು ಮೇಡಂ, ಡಿಸೈನ್ ಮಾಡಿದವರು ಈಗ ಇಲ್ಲ, ನೆಕ್ಸ್ಟ್ ಬ್ಯಾಚಿಗೆ ನೋಡುವಾ" ಅಂದಳು.

ಪಣಂಬೂರು_ನೈಟ್_ಶಿಫ್ಟ್

ಅಕ್ಕ, ಒಂದು ಸಂಶಯ. ಮುಂದಿನ ರಟ್ಟಿನ ಒಳಬದಿಯಲ್ಲಿ ಎಂತ ಉಂಟು? ಇಂಥ ನೋಟ್‌ಬುಕ್ಕಿನಲ್ಲಿ ಸಾಮಾನ್ಯವಾಗಿ ಅಲ್ಲಿ ನಮ್ಮ ದೇಶದ ಮ್ಯಾಪು ಇರ್ತದೆ.

ಬ್ರಹ್ಮಾವರದ_ಅಮ್ಮ

ಈಗ ಮಗಳ ಹತ್ತಿರ ಫೋಟೋ ತೆಗೆಸಿ, ದೊಡ್ಡದು ಮಾಡಿ ನೋಡಿದೆ. ಇಂಡಿಯಾ ಮ್ಯಾಪೇ. ಅಕ್ಸಾಯ್ ಚಿನ್ ಇಲ್ಲ. ಕಾಶ್ಮೀರದ ಮೇಲೆ ಚುಕ್ಕಿಗೆರೆ. ಎರಡು ವರ್ಷದಿಂದ ಅವಳ ಮೇಜಿನ ಮೇಲೆ ಇದ್ದದ್ದು, ನಾವು ಯಾರೂ ನೋಡಿಯೇ ಇರಲಿಲ್ಲ. ಕೆಂಪು ಪೆನ್ನು ಇದೆಯಾ ಅಂತ ಕೇಳಿದೆ. ಅಜ್ಜಿ ಗೀಚಿದ ದಿನವೇ ಮುಗಿದಿದೆಯಂತೆ.